ಪಹಣಿಯ 9ನೇ ಕಾಲಂನಲ್ಲಿ ಅವ್ವನ ಹೆಸರು ಯಾಕಿಲ್ಲ?

ಜಗಳೂರಿನ ಮಗಳು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಔಷಧಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಊರು ಜಗಳೂರು ತಾಲ್ಲೂಕು. ಹೋದ ಭಾನುವಾರ ಅಣ್ಣ ಮನೆಗೆ ಬಂದಿದ್ದ. ಕೈಯಲ್ಲಿ ಒಂದು ಚೀಲ ಮೆಕ್ಕೆಜೋಳದ ತೆನೆ, ಬಗಲಲ್ಲಿ ಟೈಪ್ ಮಾಡಿಸಿದ ನಾಲ್ಕು ಹಾಳೆ. ಊಟ ಆದ ಮೇಲೆ "ಇದಕ್ಕೊಂದು ಸೈನ್ ಬೇಕಮ್ಮ, ಸುಮ್ನೆ ಶಾಸ್ತ್ರಕ್ಕೆ. ನಾಳೆ ರಿಜಿಸ್ಟರ್ ಆಫೀಸಿಗೆ ಬಂದರೆ ಸಾಕು" ಅಂದ. ಓದಿದೆ. ಹಕ್ಕು ಬಿಡುಗಡೆ ಪತ್ರ.

ವಿಷಯ ಇಷ್ಟು. ಅಜ್ಜನ ಹೆಸರಲ್ಲಿ 18 ಎಕರೆ 36 ಗುಂಟೆ ಇದೆ. ಅಜ್ಜ ತೀರಿಕೊಂಡಿದ್ದು 1987ರಲ್ಲಿ. ಪಹಣಿಯಲ್ಲಿ ಮಾಲೀಕರ ಹೆಸರು ಬರುವ 9ನೇ ಕಾಲಂನಲ್ಲಿ ಈಗಲೂ ಅವರೇ! ಅಪ್ಪ, ಇಬ್ಬರು ಚಿಕ್ಕಪ್ಪಂದಿರು ಪಂಚರ ಮುಂದೆ ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡರು. ನಮಗೆ ಬಂದಿದ್ದು 6 ಎಕರೆ 12 ಗುಂಟೆ. ಅಪ್ಪ 2019ರಲ್ಲಿ ಹೋದರು. ಅಣ್ಣ ಟ್ರ್ಯಾಕ್ಟರ್ ಓಡಿಸುತ್ತಾನೆ, ಬಿತ್ತನೆ ಮಾಡಿಸುತ್ತಾನೆ. ಕಳೆ, ಕೊಯ್ಲು, ತೆನೆ ಮುರಿಯೋದು, ರಾತ್ರಿ ಹಂದಿ ಕಾಯೋದು ಎಲ್ಲಾ ಅವ್ವ. 2023ರ ಬರಗಾಲದಲ್ಲಿ ಬೆಳೆ ಪರಿಹಾರ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಇದ್ದವರ ಖಾತೆಗೆ ಬಂತು. ಸತ್ತ ಅಜ್ಜನಿಗೆ ಐಡಿ ಮಾಡಿಸೋದು ಹೇಗೆ? ನಮಗೆ ಒಂದು ರೂಪಾಯಿ ಬರಲಿಲ್ಲ.

ಈಗ ಅಣ್ಣ ಖಾತೆ ಮಾಡಿಸಲು ಹೊರಟಿದ್ದಾನೆ. ಒಳ್ಳೆಯದೇ. ಆದರೆ ಅವನೊಬ್ಬನ ಹೆಸರಿಗೆ. ಅವ್ವನೂ ಸೈನ್ ಹಾಕಬೇಕಂತೆ.

ನಮ್ಮ ಸಂಘದ ತರಬೇತಿಯಲ್ಲಿ ಒಬ್ಬರು ಮೇಡಂ ಆಫ್ರಿಕಾದ ರುವಾಂಡಾ ದೇಶದ ಬಗ್ಗೆ ಹೇಳಿದ್ದರು. ಅಲ್ಲಿ ನಾಲ್ಕೇ ವರ್ಷದಲ್ಲಿ ದೇಶದ ಜಮೀನೆಲ್ಲ ಅಳೆದು ಗಂಡ ಹೆಂಡತಿ ಇಬ್ಬರ ಹೆಸರಿಗೂ ಪತ್ರ ಕೊಟ್ಟರಂತೆ. ನಮ್ಮಲ್ಲಿ ಯಾಕೆ ಆಗಲ್ಲ? ನಾನು ಸೈನ್ ಹಾಕಬೇಕಾ, ಬೇಡವಾ? ಅಣ್ಣನ ಜೊತೆ ಜಗಳ ಬೇಕಿಲ್ಲ. ಅದನ್ನೂ ಹೇಳಿಬಿಡುತ್ತೇನೆ.

ಹರಿಹರದ ಹೊಳೆದಂಡೆ

ತಂಗಿ, ಬೇಜಾರು ಮಾಡಿಕೊಳ್ಳಬೇಡಿ, ಅಣ್ಣನ ಕಡೆಯಿಂದ ಎರಡು ಮಾತು. ನಾನೂ ಅಣ್ಣನೇ. ನನಗೂ ಇಬ್ಬರು ತಂಗಿಯರು. ಮದುವೆಗೆ ಸೊಸೈಟಿಯಲ್ಲಿ, ಬಡ್ಡಿಗೆ ಎಲ್ಲಾ ಸಾಲ ಮಾಡಿದ್ದು ನಾನು. ಪಹಣಿಯಲ್ಲಿ ಐದು ಹೆಸರು ಇದ್ದರೆ ಬೆಳೆಸಾಲಕ್ಕೆ ಐದು ಜನರನ್ನೂ ಬ್ಯಾಂಕಿಗೆ ಕರೆದುಕೊಂಡು ಹೋಗಬೇಕು. ಒಬ್ಬಳು ಬೆಂಗಳೂರು, ಒಬ್ಬಳು ಬಳ್ಳಾರಿ. ಬಿತ್ತನೆ ಹದ ಯಾರಿಗೂ ಕಾಯಲ್ಲ. ಅದಕ್ಕೇ ಬಿಡುಗಡೆ ಪತ್ರ ಕೇಳುತ್ತೇವೆ. ಎಲ್ಲಾ ಅಣ್ಣಂದಿರೂ ಕಳ್ಳರಲ್ಲ.

ಬೆಣ್ಣೆದೋಸೆ ಪ್ರಿಯ

ಹೊಳೆದಂಡೆ ಅಣ್ಣಾ, ಮದುವೆ ಸಾಲದಲ್ಲಿ ನಿಮ್ಮ ಮದುವೆ ಖರ್ಚೂ ಸೇರಿತ್ತಾ? 😄

ಹರಿಹರದ ಹೊಳೆದಂಡೆ

ಸೇರಿತ್ತು. ಅದಕ್ಕೇ ಎಲ್ಲಾ ಕಳ್ಳರಲ್ಲ ಅಂದೆ, ಎಲ್ಲಾ ಸಾಚಾ ಅಂತ ಅನ್ನಲಿಲ್ಲ.

ಕೋರ್ಟ್ ಕಟ್ಟೆ

ದಾವಣಗೆರೆಯಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಮೊದಲನೆಯ ಮಾತು, ಓದದೆ ಸೈನ್ ಹಾಕದಿದ್ದಕ್ಕೆ ಶಭಾಷ್. ನೋಂದಣಿ ಆದ ಹಕ್ಕು ಬಿಡುಗಡೆ ಪತ್ರವನ್ನು ಆಮೇಲೆ ರದ್ದು ಮಾಡಿಸುವುದು ಸುಲಭ ಅಲ್ಲ. ಮೋಸ ಆಯಿತು, ಒತ್ತಾಯ ಆಯಿತು ಅಂತ ನೀವೇ ಸಾಬೀತು ಮಾಡಬೇಕು.

ನಿಮ್ಮ ಹಕ್ಕಿನ ಮಾತು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತ್ತು. ಆದರೆ ಅದಕ್ಕಿಂತ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಒಂದೇ ಕಾನೂನು. ಮದುವೆ ಆಗಿರಲಿ, ಬಿಡಲಿ, ಮಗಳು ಹುಟ್ಟಿನಿಂದಲೇ ಪಾಲುದಾರಳು. ಆ ದಿನ ಅಪ್ಪ ಬದುಕಿರಬೇಕಾ ಅನ್ನುವ ಗೊಂದಲ 15 ವರ್ಷ ಎಳೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬೇಕಿಲ್ಲ ಎಂದಿತು. ನಿಮ್ಮಪ್ಪ ಹೋಗಿದ್ದು 2019ರಲ್ಲಿ, ಹಾಗಾಗಿ ನಿಮಗೆ ಆ ಗೊಂದಲವೂ ಇಲ್ಲ. ಅಪ್ಪನ ವಾರಸುದಾರರಲ್ಲಿ ಅವ್ವನೂ ಮೊದಲ ವರ್ಗದವರೇ. ಯಾರಿಗೆ ಎಷ್ಟು ಅನ್ನುವುದು ಜಮೀನು ಪಿತ್ರಾರ್ಜಿತವೋ ಸ್ವಯಾರ್ಜಿತವೋ ಅನ್ನುವುದರ ಮೇಲೆ ನಿಂತಿದೆ. ಕಾಗದ ನೋಡದೆ ಇಲ್ಲಿ ಲೆಕ್ಕ ಹಾಕಲ್ಲ.

ಬಾಯಿಮಾತಿನ ಪಾಲು ಊರಲ್ಲಿ ನಡೆಯುತ್ತದೆ, ಕೋರ್ಟಲ್ಲಿ ಕುಂಟುತ್ತದೆ. ವಿಭಾಗ ಪತ್ರ ಮಾಡಿ ನೋಂದಣಿ ಮಾಡಿಸಿ.

ಇನ್ನೊಂದು. ಪಹಣಿಯಲ್ಲಿ ಹೆಸರು ಬಂದರೆ ಹಕ್ಕು ಬಂತು, ಹೋದರೆ ಹಕ್ಕು ಹೋಯಿತು ಅಂತ ಜನ ತಿಳಿದಿದ್ದಾರೆ. ಹಾಗಲ್ಲ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ತಪ್ಪು ಅಂತ ಸಾಬೀತಾಗುವ ತನಕ ಪಹಣಿಯಲ್ಲಿ ಇರುವುದು ಸರಿ ಎಂದು ಭಾವಿಸಬೇಕು, ಅಷ್ಟೇ. ಪಹಣಿಯಲ್ಲಿ ಹೆಸರು ಬದಲಿಸುವ ಮುಟೇಶನ್‌ನಿಂದ ಹಕ್ಕು ಹುಟ್ಟುವುದಿಲ್ಲ. ಆದರೆ ಸಾಲ, ಪರಿಹಾರ, ವಿಮೆ ಎಲ್ಲಾ ನಡೆಯುವುದು ಪಹಣಿ ನೋಡಿಯೇ. ಅದೇ ತಮಾಷೆ.

ಸರ್ವೆ ಚೈನು

ಚಿತ್ರದುರ್ಗ ಜಿಲ್ಲೆಯಲ್ಲಿ ಭೂಮಾಪಕನಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ತಂಗಿ, ನಿಮ್ಮ ಸಮಸ್ಯೆ ಮನೆಮನೆಯದ್ದು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ಲಕ್ಷಗಟ್ಟಲೆ ಪಹಣಿ ಸತ್ತವರ ಹೆಸರಲ್ಲೇ ಇರುವುದು ಹೊರಬಂತು. ಸತ್ತವರ ಹೆಬ್ಬೆಟ್ಟು ಎಲ್ಲಿಂದ ತರುತ್ತಾರೆ?

ಮಾಡಬೇಕಾದ ಕ್ರಮ ಹೇಳುತ್ತೇನೆ. ಮೊದಲು ಪೌತಿ ಖಾತೆ, ಅಂದರೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅಜ್ಜನ, ಅಪ್ಪನ ಮರಣ ಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ. ಎಲ್ಲಾ ವಾರಸುದಾರರ ಹೆಸರೂ ಜಂಟಿಯಾಗಿ 9ನೇ ಕಾಲಂಗೆ ಬರುತ್ತದೆ. ಆಮೇಲೆ ಅಳತೆ ಮಾಡಿಸಿ, ಯಾರ ಪಾಲು ಎಲ್ಲಿ ಅಂತ ತೋರಿಸುವ 11ಇ ನಕ್ಷೆ. ಆ ನಕ್ಷೆ ಇಟ್ಟುಕೊಂಡು ವಿಭಾಗ ಪತ್ರ ನೋಂದಣಿ. ಕೊನೆಗೆ ಪೋಡಿ, ಅಂದರೆ ದಾಖಲೆಯಲ್ಲೂ ಜಮೀನು ಪಾಲು ಪಾಲಾಗಿ ಬೇರೆ ಮಾಡುವುದು. ಆಗ ಹಿಸ್ಸಾ ನಂಬರ್ ಬೇರೆ ಬೇರೆ ಆಗುತ್ತದೆ. ಹೊಳೆದಂಡೆಯವರ ತಕರಾರು ಐದು ಹೆಸರಿನ ಸಾಲ ಅಲ್ವಾ? ಅದಕ್ಕೆ ಔಷಧ ಪೋಡಿ. ತಂಗಿಯ ಹೆಸರು ಕಿತ್ತುಹಾಕುವುದಲ್ಲ.

ವಂಶವೃಕ್ಷ ಕೈಗೆ ಬಂದಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಹೆಣ್ಣುಮಕ್ಕಳ ಹೆಸರು "ಮರೆತುಹೋಗುವುದು" ಅಲ್ಲೇ. ನನ್ನ ಸರ್ವಿಸಿನಲ್ಲಿ ಎಷ್ಟು ಮನೆಯಲ್ಲಿ ಹೆಣ್ಣೇ ಹುಟ್ಟಿಲ್ಲ ಅಂತ ಕಾಗದ ನೋಡಿ ಬೆರಗಾಗಿದ್ದೇನೆ!

ಇನ್ನು ಅಳತೆ. ಹಳೆಯ ಚೈನು 33 ಅಡಿ, ಅದಕ್ಕೆ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಎಕರೆ. ನಮ್ಮ ಹಿರಿಯರು ಬಿಸಿಲಲ್ಲಿ ಚೈನು ಎಳೆದು ಅಳತೆಯ ಟಿಪ್ಪಣಿ ಬರೆದಿಟ್ಟರು. ಮೂಲೆಗೆ ಬಾಂದು ಕಲ್ಲು ನೆಟ್ಟರು. ಈಗ ರೋವರ್ ಬಂದಿದೆ, ಉಪಗ್ರಹದಿಂದ ಅಳೆಯುತ್ತದೆ. ಆದರೆ ಟಿಪ್ಪಣಿಗೂ ಹೊಲಕ್ಕೂ ಗಂಟು ಹಾಕಬೇಕಾದರೆ ಕಲ್ಲು ಸಿಗಬೇಕು. ಅದನ್ನು ಎಷ್ಟೋ ಕಡೆ ಬದುವಿನವರು ಕಿತ್ತು ಮನೆ ಮೆಟ್ಟಿಲಿಗೆ ಹಾಕಿಕೊಂಡಿರುತ್ತಾರೆ.

2000ದಲ್ಲಿ ಭೂಮಿ ಯೋಜನೆ ಬಂದು ಸುಮಾರು 2 ಕೋಟಿ ಪಹಣಿ ಕಂಪ್ಯೂಟರ್‌ಗೆ ಹೋಯಿತು. ದೊಡ್ಡ ಕೆಲಸ, ಅನುಮಾನವೇ ಇಲ್ಲ. ಕೈಬರಹದ ಪಹಣಿ ಕಾಲದಲ್ಲಿ ರಾತ್ರೋರಾತ್ರಿ ಹೆಸರು ಬದಲಾಗುತ್ತಿತ್ತು. ಆದರೆ ಹಳೆಯ ತಪ್ಪುಗಳೂ ಹಾಗ್ಹಾಗೇ ಒಳಗೆ ಹೋದವು. ಸುಳ್ಳು ನೀಟಾಗಿ ಪ್ರಿಂಟ್ ಆಗಿ ಬರತೊಡಗಿತು.

ಹೊಳಲ್ಕೆರೆ ಕೋರು ರೈತ

ನೀವೆಲ್ಲ ಹೆಸರು ಇರುವವರ ಜಗಳ ಮಾತಾಡುತ್ತಿದ್ದೀರಿ. ನಂದು ಕೇಳಿ. 11 ವರ್ಷದಿಂದ ಒಬ್ಬರ ಜಮೀನು ಕೋರಿಗೆ ಮಾಡುತ್ತಿದ್ದೇನೆ. ಮಾಲೀಕರು ಬೆಂಗಳೂರಲ್ಲಿ. ಅರ್ಧ ಬೆಳೆ ಅವರಿಗೆ. ಗೊಬ್ಬರ, ಬೀಜ, ಕೂಲಿ ನನ್ನದು. ಬೆಳೆ ಹೋದರೆ ಪರಿಹಾರ ಅವರ ಖಾತೆಗೆ. ಪಿಎಂ ಕಿಸಾನ್ 6,000 ರೂಪಾಯಿ ಅವರ ಖಾತೆಗೆ. ಒಳ್ಳೆಯ ಜನ, ಹಬ್ಬಕ್ಕೆ ಬಟ್ಟೆ ಕೊಡುತ್ತಾರೆ. ಒಂದು ಚೀಟಿ ಬರೆದುಕೊಡಿ ಅಂದರೆ ಮಾತ್ರ ಮುಖ ಬಾಡುತ್ತದೆ.

ಸರ್ವೆ ಚೈನು

ಅವರ ಮುಖ ಬಾಡುವುದಕ್ಕೆ ಇತಿಹಾಸ ಇದೆ. 1951ರಲ್ಲಿ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರರು ಎದ್ದರು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. 7ನೇ ನಮೂನೆ ಅರ್ಜಿ ಹಾಕಿದ ಗೇಣಿದಾರನಿಗೆ ಭೂನ್ಯಾಯಮಂಡಳಿ ಜಮೀನು ಕೊಟ್ಟಿತು. ಉಳುವವನೇ ಹೊಲದೊಡೆಯ. ಜಮೀನು ಗುತ್ತಿಗೆಗೆ ಕೊಡುವುದು ಕೆಲವರನ್ನು ಬಿಟ್ಟು ಉಳಿದವರಿಗೆ ನಿಷಿದ್ಧವಾಯಿತು.

ಆದರೆ ಗುತ್ತಿಗೆ ನಿಂತಿತಾ? ಇಲ್ಲ. ಕಾಗದ ನಿಂತಿತು. ಅಂದಿನ ಗೇಣಿದಾರನಿಗೆ ಜಮೀನು ಕೊಟ್ಟ ಕಾನೂನೇ ಇವತ್ತಿನ ಕೋರುದಾರನನ್ನು ಕಾಣದ ಹಾಗೆ ಮಾಡಿದೆ. ಅರಸರನ್ನು ಬೈಯುತ್ತಿಲ್ಲ. ನಮ್ಮ ಮನೆಗೇ 7ನೇ ನಮೂನೆಯಲ್ಲಿ ಎರಡು ಎಕರೆ ಬಂದಿದೆ. ಅದರಿಂದಲೇ ನಾನು ಓದಿದ್ದು.

ಕೋರ್ಟ್ ಕಟ್ಟೆ

2016ರಲ್ಲಿ ನೀತಿ ಆಯೋಗ ಒಂದು ಮಾದರಿ ಗುತ್ತಿಗೆ ಕಾನೂನು ಮಾಡಿತ್ತು. ಮಾಲೀಕನ ಹಕ್ಕಿಗೆ ಧಕ್ಕೆ ಇಲ್ಲ, ಗುತ್ತಿಗೆದಾರನಿಗೆ ಸಾಲ, ವಿಮೆ ಸಿಗಬೇಕು ಅನ್ನುವ ಲೆಕ್ಕ. ನಮ್ಮಲ್ಲಿ 2020ರಲ್ಲಿ 79ಎ, 79ಬಿ ಕಲಂ ತೆಗೆದು ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ ಮಾಡಿದರು. ಕೊಳ್ಳುವವನಿಗೆ ಬಾಗಿಲು ಬೇಗ ತೆರೆಯಿತು. ಕೋರು ರೈತ ಅಣ್ಣಾ, ನಿಮ್ಮ ಸರದಿ ಇನ್ನೂ ಬಂದಿಲ್ಲ.

ಒಂದು ಉಪಯೋಗದ ಮಾತು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ, ಸ್ವಾಧೀನಕ್ಕೆ ಮೊದಲು ಮೂರು ವರ್ಷ ಆ ಜಮೀನನ್ನೇ ನಂಬಿ ಬದುಕಿದ ಗೇಣಿದಾರ, ಕೂಲಿಕಾರರ ಕುಟುಂಬವೂ ಬಾಧಿತ ಕುಟುಂಬವೇ. ನಿಮ್ಮ ಕಡೆ ಭದ್ರಾ ಮೇಲ್ದಂಡೆ ಕಾಲುವೆ ಬಂದರೆ ಇದು ನೆನಪಿರಲಿ. ಗೊಬ್ಬರದ ರಸೀದಿ, ಮಂಡಿಯ ಚೀಟಿ ಯಾವುದನ್ನೂ ಎಸೆಯಬೇಡಿ.

ಹಟ್ಟಿ ಹುಡುಗ

ಚಳ್ಳಕೆರೆ ತಾಲ್ಲೂಕು, ಗೊಲ್ಲರಹಟ್ಟಿ. ಕೋರಿನವರಿಗೆ ಚೀಟಿ ಇಲ್ಲ, ನಮಗೆ ಊರೇ ಇರಲಿಲ್ಲ. ಮನೆ ಇತ್ತು, ಓಟು ಇತ್ತು, ದೇವರ ಗುಡಿ ಇತ್ತು. ಕಂದಾಯ ದಾಖಲೆಯಲ್ಲಿ ಮಾತ್ರ ಯಾರದೋ ಸರ್ವೆ ನಂಬರ್. 2017ರಲ್ಲಿ ಭೂಕಂದಾಯ ಕಾನೂನಿಗೆ 94ಡಿ ಕಲಂ ಸೇರಿಸಿ ಹಟ್ಟಿ, ತಾಂಡಾಗಳ ಮನೆಗಳಿಗೆ ಹಕ್ಕು ಕೊಡುವ ದಾರಿ ಮಾಡಿದರು. 2023ರ ಜನವರಿಯಲ್ಲಿ ಕಲಬುರಗಿಯ ಮಳಖೇಡದಲ್ಲಿ 50 ಸಾವಿರಕ್ಕೂ ಜಾಸ್ತಿ ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ 1,11,111. ಟಿವಿಯಲ್ಲಿ ನೋಡಿದೆವು. ನಮ್ಮ ಮಾವನ ಹಟ್ಟಿಗೆ ಬಂದಿದೆ, ನಮ್ಮದು ಇನ್ನೂ ಕಡತದಲ್ಲಿದೆ.

ನಾನು ಹೇಳಬೇಕು ಅಂದುಕೊಂಡಿದ್ದು ಕಾವಲಿನ ವಿಷಯ. ಅಮೃತಮಹಲ್ ಕಾವಲು ಗೊತ್ತಲ್ವಾ? ಮೈಸೂರು ಅರಸರ ಕಾಲದಿಂದ ದನಕ್ಕೆ ಬಿಟ್ಟ ಹುಲ್ಲುಗಾವಲು. ನಮ್ಮಜ್ಜ, ಅವರಜ್ಜ ಎಲ್ಲಾ ಅಲ್ಲೇ ಕುರಿ ಮೇಯಿಸಿದ್ದು. ಕೃಷ್ಣಮೃಗ ಓಡಾಡುತ್ತಿದ್ದ ಜಾಗ. ಚಳ್ಳಕೆರೆ ಕಂಬಳಿ ಅನ್ನುತ್ತೀರಲ್ಲ, ಅದರ ಉಣ್ಣೆ ಆ ಹುಲ್ಲಿಂದಲೇ. ಅದರಲ್ಲಿ ಸುಮಾರು 10,000 ಎಕರೆ ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ, ಐಐಎಸ್‌ಸಿ ಇವಕ್ಕೆಲ್ಲ ಹಂಚಿಕೆ ಆಯಿತು. ಬೇಲಿ ಎದ್ದ ಮೇಲೆ ಸುತ್ತಲಿನ ಹಳ್ಳಿಯವರಿಗೆ ಗೊತ್ತಾಯಿತು. ಹಸಿರು ನ್ಯಾಯಮಂಡಳಿ ತನಕ ಹೋದರು. 2017ರಲ್ಲಿ ವಿಮಾನ ಪರೀಕ್ಷೆಯ ಜಾಗ ಉದ್ಘಾಟನೆಯೂ ಆಯಿತು.

ದೇಶಕ್ಕೆ ವಿಮಾನ ಬೇಡ ಅನ್ನುತ್ತಿಲ್ಲ. ಪಹಣಿ ತೆಗೆಸಿ ನೋಡಿ. 9ನೇ ಕಾಲಂನಲ್ಲಿ ಸರ್ಕಾರ. 12ನೇ ಕಾಲಂನಲ್ಲಿ ಸಾಗುವಳಿದಾರ ಯಾರೂ ಇಲ್ಲ. ಕುರಿ ಮೇಯಿಸುವವನಿಗೆ ಕಾಲಂ ಇಲ್ಲವೇ ಇಲ್ಲ. ಯಾರೂ ಇಲ್ಲದ ಜಾಗ ಅಂತ ಓದಿಕೊಳ್ಳೋದು ಸುಲಭ. ನಿಮ್ಮವ್ವನ ಕಥೆಗೂ ನಮ್ಮ ಕಥೆಗೂ ಏನಕ್ಕಾ ವ್ಯತ್ಯಾಸ?

ಜಗಳೂರಿನ ಮಗಳು

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ ತಮ್ಮಾ. 12ನೇ ಕಾಲಂ ನಾನು ನೋಡೇ ಇರಲಿಲ್ಲ. ಈಗ ನಮ್ಮ ಪಹಣಿ ತೆಗೆದು ನೋಡಿದೆ. ಸಾಗುವಳಿದಾರರ ಹೆಸರು ಅಂತ ಇರುವಲ್ಲಿ ಅಜ್ಜ. ಸತ್ತವರೇ ಈ ವರ್ಷವೂ ಮೆಕ್ಕೆಜೋಳ ಬೆಳೆದಿದ್ದಾರೆ.

ಊರೂರು ತಿರುಗಿದವಳು

ಹಿರಿಯೂರಿನವಳು. ಹಳ್ಳಿಗಳಲ್ಲಿ ಮಹಿಳಾ ಸಂಘಗಳ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದ್ದೇನೆ. ರುವಾಂಡಾ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ತರಬೇತಿಗಳಲ್ಲಿ ಅರ್ಧ ಕಥೆ ಹೇಳಿ ಬಿಡುತ್ತಾರೆ.

2009ರಿಂದ 2013ರೊಳಗೆ ಅಲ್ಲಿ 1 ಕೋಟಿಗೂ ಹೆಚ್ಚು ತುಂಡು ಜಮೀನು ದಾಖಲಾಯಿತು ಅನ್ನುವುದು ನಿಜ. ಹೇಗೆ ಮಾಡಿದರು ಅನ್ನೋದು ಮುಖ್ಯ. ವಿಮಾನದಿಂದ ತೆಗೆದ ಫೋಟೋದ ದೊಡ್ಡ ಹಾಳೆ ಹಿಡಿದು, ಆಯಾ ಊರಿನ ಹುಡುಗ ಹುಡುಗಿಯರಿಗೇ ತರಬೇತಿ ಕೊಟ್ಟು ಹೊಲಕ್ಕೆ ಕಳಿಸಿದರು. ಮಾಲೀಕರು, ಅಕ್ಕಪಕ್ಕದ ಬದುವಿನವರು ಎಲ್ಲಾ ಎದುರಿಗೇ ನಿಂತು "ಇಲ್ಲಿಂದ ಇಲ್ಲಿಗೆ" ಅಂತ ತೋರಿಸಿದರೆ ಫೋಟೋ ಮೇಲೆ ಗೆರೆ. ಒಂದು ತುಂಡಿಗೆ ಶುಲ್ಕ 1,000 ರುವಾಂಡಾ ಫ್ರಾಂಕ್. ಅಂಗುಲ ಅಂಗುಲ ಕರಾರುವಾಕ್ಕಾಗಿ ಇರಲಿಲ್ಲ. ಜಗಳ ಇಲ್ಲದ ಗೆರೆ ಇದ್ದರೆ ಸಾಕು ಅಂದರು. ನನಗೆ ಇಷ್ಟವಾಗಿದ್ದು ಅದು.

ಉಳಿದರ್ಧ ಕಥೆ ಹೀಗೆ. ಇಬ್ಬರ ಹೆಸರು ಬಂದಿದ್ದು ಕಾನೂನು ಪ್ರಕಾರ ಮದುವೆಯಾದವರಿಗೆ. ನೋಂದಣಿ ಇಲ್ಲದೆ ಜೊತೆಗೆ ಬಾಳಿದ ಹೆಂಗಸರಿಗೆ, ಎರಡನೇ ಹೆಂಡತಿಯರಿಗೆ ಆ ರಕ್ಷಣೆ ಸಿಗಲಿಲ್ಲ. ಆಮೇಲೆ ಮಾರಾಟ, ವಾರಸುದಾರಿಕೆ ನೋಂದಾಯಿಸಲು ಹೋದಾಗ ಶುಲ್ಕ ಭಾರವಾಯಿತು. ಜನ ಬಿಟ್ಟುಬಿಟ್ಟರು. ಅಂದರೆ ಅಲ್ಲೂ ಪತ್ರದಲ್ಲಿ ಅಜ್ಜ ಉಳಿಯತೊಡಗಿದ.

ಇಥಿಯೋಪಿಯಾದ ಅಮ್ಹಾರ ಪ್ರಾಂತ್ಯದಲ್ಲಿ ಜಮೀನಿನ ಪುಸ್ತಕದ ಮೇಲೆ ಗಂಡ ಹೆಂಡತಿ ಇಬ್ಬರ ಫೋಟೋ ಅಂಟಿಸಿದರು. ಫೋಟೋ ಇದ್ದರೆ ಓದಲು ಬಾರದವಳಿಗೂ ತನ್ನದು ಅಂತ ಗೊತ್ತಾಗುತ್ತದೆ. ಮೊಜಾಂಬಿಕ್‌ನವರು 1997ರಲ್ಲಿ ಇನ್ನೂ ಮುಂದೆ ಹೋದರು. ಅಲ್ಲಿ ಜಮೀನೆಲ್ಲ ಸರ್ಕಾರದ್ದೇ. ಆದರೆ 10 ವರ್ಷ ಒಳ್ಳೆಯ ಮನಸ್ಸಿಂದ ಅನುಭವಿಸಿದ್ದರೆ ಬಳಸುವ ಹಕ್ಕು ಬರುತ್ತದೆ. ಕಾಗದ ಇಲ್ಲದಿದ್ದರೂ ಊರವರ ಬಾಯಿಮಾತಿನ ಸಾಕ್ಷಿ ನಡೆಯುತ್ತದೆ. ಸರ್ಕಾರಿ ಜಮೀನನ್ನು ಅನುಮತಿ ಇಲ್ಲದೆ ಉಳುತ್ತಾ ಬಂದಿರುವ ನಮ್ಮ ಬಗರ್‌ಹುಕುಂನವರು ಇದನ್ನು ಕೇಳಿದರೆ ಅಳುತ್ತಾರೆ. ಸಕ್ರಮದ ಅರ್ಜಿ ನಮೂನೆ 50 ಆಯಿತು, 53 ಆಯಿತು, 2018ರಲ್ಲಿ 57 ಬಂತು. ಅಪ್ಪ ಹಾಕಿದ ಅರ್ಜಿಯ ರಸೀದಿ ಮಗ ಜೇಬಲ್ಲಿ ಇಟ್ಟುಕೊಂಡು ತಿರುಗುತ್ತಾನೆ.

ಹಟ್ಟಿ ಹುಡುಗನ ಮಾತಿಗೆ ಒಂದು ಸೇರಿಸುತ್ತೇನೆ. 2012ರ ಮೇ 11ರಂದು ವಿಶ್ವಸಂಸ್ಥೆಯ ಆಹಾರ ಭದ್ರತಾ ಸಮಿತಿ ಭೂಹಿಡುವಳಿಯ ಬಗ್ಗೆ ಮಾರ್ಗಸೂಚಿ ಒಪ್ಪಿತು. ಕಾಗದದಲ್ಲಿ ಇಲ್ಲದಿದ್ದರೂ ನ್ಯಾಯವಾದ ಹಕ್ಕನ್ನು ಗುರುತಿಸಿ, ಊರೊಟ್ಟಿನ ಹುಲ್ಲುಗಾವಲನ್ನೂ ಲೆಕ್ಕಕ್ಕೆ ಹಿಡಿಯಿರಿ ಅನ್ನುತ್ತದೆ ಅದು. ಕಡ್ಡಾಯ ಏನಲ್ಲ, ಸಲಹೆ. ನಮ್ಮದೇ 2006ರ ಅರಣ್ಯ ಹಕ್ಕು ಕಾಯ್ದೆ ಅದಕ್ಕಿಂತ ಮೊದಲೇ ಮೇಯಿಸುವ ಹಕ್ಕನ್ನು ಸಮುದಾಯದ ಹಕ್ಕು ಅಂತ ಬರೆದಿದೆ. ಮನೆತನದ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿಗೂ ಆಗಬೇಕು ಅಂತಲೂ ಇದೆ. ಅರಣ್ಯದ ಜಮೀನಿಗೆ ಈ ನಿಯಮ ಇದೆ, ನಿಮ್ಮವ್ವನ ಮೆಕ್ಕೆಜೋಳದ ಹೊಲಕ್ಕೆ ಇಲ್ಲ.

ಬೆಣ್ಣೆದೋಸೆ ಪ್ರಿಯ

ನಾನು ನಗಿಸೋಣ ಅಂತ ಬಂದೆ, ನೀವೆಲ್ಲ ಸೇರಿ ನಮ್ಮನೆ ಪಹಣಿ ತೆಗೆಸಿಬಿಟ್ಟಿರಿ. ಚನ್ನಗಿರಿಯಲ್ಲಿ ಅಡಿಕೆ ತೋಟ. ಅಮ್ಮನ ಹೆಸರಿಲ್ಲ. ಅಕ್ಕಂದಿರ ಹೆಸರೂ ಇಲ್ಲ. ನನ್ನದು ಮಾತ್ರ ಇದೆ. ಯಾವಾಗ ಬಂತು ಅಂತ ನನಗೇ ಗೊತ್ತಿಲ್ಲ.

ಕೋರ್ಟ್ ಕಟ್ಟೆ

ಇಲ್ಲಿಯ ಹಳಬರಿಗೆ ಗೊತ್ತಿರಬಹುದು, ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿಗೆ ಒಂದು ಕಾಯ್ದೆ ಮಾಡಿತ್ತು. ಪಾಲಾಗುವಾಗ ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಇಡಬೇಕು ಅಂತ. ಚಿತ್ರದುರ್ಗ ಸೀಮೆ ಆಗ ಮೈಸೂರಿನದ್ದೇ. ಕಾನೂನು ಹಳೆಯದು, ಅಭ್ಯಾಸ ಇನ್ನೂ ಹೊಸದು.

ಜಗಳೂರಿನ ಮಗಳು

*(ನಾಲ್ಕು ತಿಂಗಳ ನಂತರ)*

ಎಲ್ಲರೂ ಏನಾಯಿತು ಅಂತ ಕೇಳುತ್ತಿದ್ದಿರಿ. ಈಗ ಬರೆಯುತ್ತಿದ್ದೇನೆ.

ಸೈನ್ ಹಾಕಲಿಲ್ಲ. ಅಣ್ಣ ಮೂರು ವಾರ ಫೋನ್ ಎತ್ತಲಿಲ್ಲ. ನಾನೇ ಊರಿಗೆ ಹೋದೆ. ಸರ್ವೆ ಸಾರ್ ಹೇಳಿದ್ದ ಪೋಡಿಯ ಮಾತು ಹೇಳಿದೆ. "ನಿನ್ನ ಪಾಲು ನಿಂದೇ, ಸಾಲಕ್ಕೆ ನನ್ನ ಸೈನ್ ಬೇಕಾಗಲ್ಲ" ಅಂದ ಮೇಲೆ ಸ್ವಲ್ಪ ಮೆತ್ತಗಾದ. ಅತ್ತಿಗೆ ಒಳಗಿಂದ "ಅತ್ತೆ ಹೆಸರು ಹಾಕಿದರೆ ನಾಳೆ ನನಗೂ ಒಂದು ದಾರಿ ಆಗುತ್ತೆ" ಅಂದರು. ಅಣ್ಣನಿಗೆ ಅದು ನನಗಿಂತ ಜಾಸ್ತಿ ನಾಟಿತು ಅನಿಸುತ್ತದೆ.

ವಂಶವೃಕ್ಷ ಬಂತು. ನೋಡಿದರೆ ಅಪ್ಪನ ಕೆಳಗೆ ಅಣ್ಣ ಒಬ್ಬನೇ. ಯಾವ ಕಚೇರಿ ಅಂತ ಇಲ್ಲಿ ಬರೆಯಲ್ಲ. ಕೇಳಿದ್ದಕ್ಕೆ "ಮದುವೆ ಆಗಿದ್ದೀರಲ್ಲ, ಆ ಕಡೆ ವಂಶವೃಕ್ಷದಲ್ಲಿ ಬರ್ತೀರಿ ಬಿಡಿ" ಅಂದರು. ಕೋರ್ಟ್ ಕಟ್ಟೆ ಸಾರ್ ಬರೆದಿದ್ದನ್ನು ಮೊಬೈಲ್‌ನಲ್ಲಿ ತೆಗೆದು ತೋರಿಸಿದೆ. ಪೂರ್ತಿ ಓದಲಿಲ್ಲ ಅವರು, ಆದರೆ ತಿದ್ದಿಕೊಟ್ಟರು. ಎರಡು ಸಲ ಬಸ್ ಚಾರ್ಜ್, ಒಂದು ದಿನದ ಸಂಬಳ ಹೋಯಿತು.

ಪೌತಿ ಖಾತೆ ಆಗಿದೆ. 9ನೇ ಕಾಲಂನಲ್ಲಿ ಚಿಕ್ಕಪ್ಪಂದಿರ ಮನೆಯವರು, ಅವ್ವ, ಅಣ್ಣ, ನಾನು. ಅವ್ವನ ಹೆಸರಲ್ಲಿ ಒಂದು ಅಕ್ಷರ ತಪ್ಪಾಗಿದೆ, ಅದಕ್ಕೆ ಇನ್ನೊಂದು ಅರ್ಜಿ.

ಹೋದ ಗುರುವಾರ 11ಇ ಅಳತೆಗೆ ಬಂದಿದ್ದರು. ರೋವರ್ ನಿಲ್ಲಿಸಿದರು. ತೆಂಕಣ ಮೂಲೆಯ ಬಾಂದು ಕಲ್ಲು ಸಿಗಲೇ ಇಲ್ಲ. ದೊಡ್ಡ ಚಿಕ್ಕಪ್ಪ ಒಂದು ಜಾಗ ತೋರಿಸಿದರು, ಅಣ್ಣ ಇನ್ನೊಂದು. ಮಾತು ಬಿಸಿಯಾಗತೊಡಗಿತು. ಅವ್ವ ಬುತ್ತಿ ಗಂಟು ಕೆಳಗಿಟ್ಟು ಜಾಲಿ ಪೊದೆ ಹತ್ತಿರ ಹೋಗಿ ಕಾಲಲ್ಲಿ ಹುಲ್ಲು ಸರಿಸಿದಳು. ಕಲ್ಲು ಅಲ್ಲಿತ್ತು. ಮೇಲಿನ ಅಂಚು ಒಂದು ಕಡೆ ನುಣ್ಣಗೆ ಸವೆದು ಹೊಳೆಯುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಅವಳು ಕುಡುಗೋಲು ಮಸೆಯುವುದು ಅದರ ಮೇಲೇ ಅಂತೆ. ಚಿಕ್ಕಪ್ಪ ಏನೂ ಅನ್ನಲಿಲ್ಲ.

ಸರ್ವೆ ಚೈನು

ಟಿಪ್ಪಣಿಗೂ ಆ ಕಲ್ಲಿಗೂ ಎಷ್ಟು ವ್ಯತ್ಯಾಸ ಬಂತು ತಂಗಿ?

ಜಗಳೂರಿನ ಮಗಳು

ನಿಮ್ಮ ಲೆಕ್ಕದಲ್ಲಿ ಒಂದು ಆಣೆಯೂ ಇಲ್ಲ ಸಾರ್. ಅಣ್ಣ ತೋರಿಸಿದ ಜಾಗ ಹನ್ನೊಂದು ಅಡಿ ಆಚೆ ಇತ್ತು.